ನಾಯಿಗೆಂದು ಎತ್ತಿದ ಹಣ



ಹೋದ ತಿಂಗಳು ಹಾಸನದ ನಮ್ಮ ಮನೆಗೆ ಒಬ್ಬ ಹಳೆಯ ವಿದ್ಯಾರ್ಥಿ ಬಂದು ಒಂದು ನೋಟ್‌ಬುಕ್ ಕೇಳಿದ. ಬೀರುವಿನ ಮೇಲಿನ ಅರೆಯಿಂದ ಅದನ್ನು ಇಳಿಸಿ ಧೂಳು ಕೊಡವಿದೆ. ರಟ್ಟಿನ ಮೇಲೆ ನನ್ನದೇ ಅಕ್ಷರದಲ್ಲಿ ‘ಮಾರ್ಗದರ್ಶಿ ನಾಯಿ ನಿಧಿ, 2015’ ಎಂದು ಬರೆದಿತ್ತು. ನಿಮ್ಮಲ್ಲಿ ಹಲವರ ಹೆಸರು ಆ ಪುಸ್ತಕದಲ್ಲಿದೆ. “ಮೇಷ್ಟ್ರೇ, ಆ ನಾಯಿ ಏನಾಯಿತು?” ಎಂದು ಮದುವೆಮನೆಗಳಲ್ಲಿ ಈಗಲೂ ಕೇಳುವವರಿದ್ದಾರೆ. ಕೈಯಾರೆ ಕೊಟ್ಟವರಿಗೆಲ್ಲ ಅಂದೇ ಉತ್ತರ ಹೇಳಿದ್ದೇನೆ. ಮತ್ತೊಬ್ಬರ ಮೂಲಕ ಕಳುಹಿಸಿದವರಿಗೆ ಪೂರ್ಣ ವೃತ್ತಾಂತ ತಿಳಿದಿಲ್ಲ. ಅದರಲ್ಲಿ ನನ್ನ ತಪ್ಪೂ ಸೇರಿರುವುದರಿಂದ ನಾನೇ ಬರೆಯುವುದು ನ್ಯಾಯ.

ಆಗ ನಾನು ಹೊಳೆನರಸೀಪುರ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಬೋಧಿಸುತ್ತಿದ್ದೆ. ಹತ್ತನೆಯ ತರಗತಿಯಲ್ಲಿ ಹುಟ್ಟು ಕುರುಡನಾದ ಒಬ್ಬ ಹುಡುಗನಿದ್ದ. ಮೈಸೂರಿನ ತಿಲಕನಗರದಲ್ಲಿ 1901ರಷ್ಟು ಹಿಂದೆಯೇ ಆರಂಭವಾದ ಅಂಧ ಮಕ್ಕಳ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ತಂದೆ ತೀರಿಕೊಂಡ ಮೇಲೆ ತಾಯಿಯ ಜೊತೆಗಿರಲೆಂದು ಊರಿಗೆ ಮರಳಿದವನು. ಬ್ರೈಲ್ ಚುಕ್ಕಿಗಳ ಮೇಲೆ ಅವನ ಬೆರಳು ಓಡುವ ವೇಗದಲ್ಲಿ ನಮ್ಮ ಉಳಿದ ಮಕ್ಕಳ ಕಣ್ಣು ಓಡುತ್ತಿರಲಿಲ್ಲ. ಊರಿನಿಂದ ಶಾಲೆಗೆ ಎರಡು ಕಿಲೋಮೀಟರ್ ದಾರಿ. ಒಂದು ಬಿದಿರು ಕೋಲು ಹಿಡಿದು ಒಬ್ಬನೇ ಬರುತ್ತಿದ್ದ.

2015ರ ಜುಲೈ ತಿಂಗಳಿನಲ್ಲಿ ಮೊದಲ ಮಹಾಯುದ್ಧದ ಪಾಠ ನಡೆಯುತ್ತಿತ್ತು. ಯುದ್ಧದಲ್ಲಿ ದೃಷ್ಟಿ ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡೆನ್‌ಬರ್ಗಿನಲ್ಲಿ ಗೆರ್ಹಾರ್ಡ್ ಸ್ಟಾಲಿಂಗ್ ಎಂಬ ವೈದ್ಯರು ನಾಯಿಗಳಿಗೆ ತರಬೇತಿ ನೀಡುವ ಶಾಲೆ ತೆರೆದ ಸಂಗತಿಯನ್ನು, ಪಠ್ಯದಲ್ಲಿ ಇಲ್ಲದಿದ್ದರೂ, ಹೇಳಿದೆ. ಅಮೆರಿಕದ ಮಾರಿಸ್ ಫ್ರಾಂಕ್ ಎಂಬ ಕುರುಡ ಯುವಕ ಸ್ವಿಟ್ಜರ್ಲೆಂಡಿಗೆ ಹೋಗಿ ‘ಬಡ್ಡಿ’ ಎಂಬ ನಾಯಿಯೊಡನೆ ಪಳಗಿ 1928ರಲ್ಲಿ ತಾಯ್ನಾಡಿಗೆ ಮರಳಿದ್ದು, ಮರುವರ್ಷವೇ ಅಲ್ಲಿ ‘ದಿ ಸೀಯಿಂಗ್ ಐ’ ಎಂಬ ಸಂಸ್ಥೆ ಹುಟ್ಟಿದ್ದು, ಇಂಗ್ಲೆಂಡಿನ ಮಕ್ಕಳು 1964ರಲ್ಲಿ ‘ಬ್ಲೂ ಪೀಟರ್’ ಎಂಬ ಟಿ.ವಿ. ಕಾರ್ಯಕ್ರಮದ ಕರೆಗೆ ಓಗೊಟ್ಟು ಬೆಳ್ಳಿಕಾಗದ ಆಯ್ದು, ಅದನ್ನು ಮಾರಿದ ಹಣದಿಂದ ಇಂಥ ನಾಯಿಗೆ ನೆರವಾದದ್ದು, ಎಲ್ಲವನ್ನೂ ವಿವರಿಸಿದೆ. ಪಾಠ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು, “ಸಾರ್, ನಾವೂ ದುಡ್ಡು ಸೇರಿಸಿ ಇವನಿಗೊಂದು ನಾಯಿ ತರಿಸೋಣ” ಎಂದಳು. ತರಗತಿಯೆಲ್ಲ ಚಪ್ಪಾಳೆ ತಟ್ಟಿತು. ಮಕ್ಕಳ ಉತ್ಸಾಹಕ್ಕಿಂತ ನನ್ನ ಉತ್ಸಾಹವೇ ಒಂದು ಕೈ ಹೆಚ್ಚಾಯಿತು.

ಆಗಸ್ಟ್ 15ರಂದು ಧ್ವಜಾರೋಹಣದ ನಂತರ ಆ ಹುಡುಗನನ್ನು ವೇದಿಕೆಗೆ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡು ಯೋಜನೆಯನ್ನು ಘೋಷಿಸಿದೆ. ಅವನ ಕೈ ಹಿಡಿದುಕೊಂಡಿದ್ದೆ. ಕೈ ತಣ್ಣಗಿತ್ತು. ಮುಖದಲ್ಲಿ ನಗುವಿತ್ತು. ನಾನು ನಗುವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡೆ.

ಅಲ್ಲಿಂದ ಮೂರು ತಿಂಗಳು ಭಾನುವಾರಗಳೆಲ್ಲ ಬಸ್ಸಿನಲ್ಲೇ ಕಳೆದವು. ಅರಕಲಗೂಡು, ಚನ್ನರಾಯಪಟ್ಟಣ, ಹೊಳೆನರಸೀಪುರ, ಈ ಮೂರು ತಾಲ್ಲೂಕುಗಳಲ್ಲಿ ಸೇವೆ ಸಲ್ಲಿಸಿದ್ದರಿಂದ ಯಾವ ಬೀದಿಗೆ ಹೋದರೂ “ನಮಸ್ಕಾರ ಸಾರ್” ಎನ್ನುವವರು ಒಬ್ಬರಾದರೂ ಸಿಗುತ್ತಿದ್ದರು. ನಮ್ಮ ತರಗತಿಯ ಐವತ್ತು ಮಕ್ಕಳು ತಲಾ 20 ರೂಪಾಯಿಯಂತೆ 1,000 ಕೊಟ್ಟರು. ಸಹೋದ್ಯೋಗಿಗಳಿಂದ 8,500 ಬಂದಿತು. ಅರಕಲಗೂಡಿನ ಹಳೆಯ ವಿದ್ಯಾರ್ಥಿಗಳು, ಶುಂಠಿ ಹೊಗೆಸೊಪ್ಪು ಬೆಳೆಯುವ ರೈತರು, ಕೂಡಿಸಿದ್ದು 14,000. ಅಲ್ಲಿಯದೇ ಒಂದು ಹಳ್ಳಿಯಲ್ಲಿ ‘ಕುರುಕ್ಷೇತ್ರ’ ನಾಟಕ ಆಡಿದವರು, ಸೀನರಿಯವನಿಗೂ ಹಾರ್ಮೋನಿಯಂ ಮೇಷ್ಟ್ರಿಗೂ ಕೊಟ್ಟು ಉಳಿದ ಹಣದಲ್ಲಿ 5,001 ಎತ್ತಿಟ್ಟರು. ಒಂದು ಸ್ತ್ರೀಶಕ್ತಿ ಸಂಘದ ತಾಯಂದಿರು 1,100 ಕೊಟ್ಟರು. ಚನ್ನರಾಯಪಟ್ಟಣದ ತೆಂಗಿನಕಾಯಿ ವರ್ತಕರೂ ಹಳೆಯ ವಿದ್ಯಾರ್ಥಿಗಳೂ ಸೇರಿ 16,500 ನೀಡಿದರು. ಹುಡುಗನ ಊರಿನ ಹಾಲಿನ ಡೈರಿಯ ಸದಸ್ಯರು ಒಂದು ಹೊತ್ತಿನ ಹಾಲಿನ ಬಟವಾಡೆಯನ್ನೇ ಬಿಟ್ಟುಕೊಟ್ಟರು: 7,349. ಹಾಸನದ ಒಂದು ಸೇವಾ ಸಂಸ್ಥೆ 10,000ದ ಚೆಕ್ ಕೊಟ್ಟಿತು. ಒಟ್ಟು 63,450 ರೂಪಾಯಿ.

ನಮ್ಮ ಕಡೆ ಮದುವೆಯಲ್ಲಿ ಮುಯ್ಯಿ ಬರೆಯುವ ಹಾಗೆ ಪ್ರತಿಯೊಂದನ್ನೂ ಹೆಸರು, ಊರು, ಮೊತ್ತ ಎಂದು ಮೂರು ಕಾಲಂ ಮಾಡಿ ಬರೆದುಕೊಂಡೆ. ಇಷ್ಟೆಲ್ಲ ಆದ ಮೇಲೆ ನಾಯಿಯನ್ನು ಹುಡುಕಲು ಹೊರಟೆ. ಮೊದಲು ಮಾಡಬೇಕಾದ ಕೆಲಸವನ್ನು ಕೊನೆಗೆ ಇಟ್ಟುಕೊಂಡಿದ್ದೆ.

ಬೆಂಗಳೂರಿನಲ್ಲಿ ಪಶುವೈದ್ಯನಾಗಿರುವ ನನ್ನ ವಿದ್ಯಾರ್ಥಿಯೊಬ್ಬ ತಾಳ್ಮೆಯಿಂದ ತಿಳಿಸಿ ಹೇಳಿದ. ಮಾರ್ಗದರ್ಶಿ ನಾಯಿಯ ಪದ್ಧತಿ ನಮ್ಮ ದೇಶದಲ್ಲಿ ಬೇರೂರಿಲ್ಲ. ವಿದೇಶದಲ್ಲಿ ಒಂದು ನಾಯಿಯನ್ನು ಸಾಕಿ ತಿದ್ದಿ ಒಪ್ಪಿಸುವುದಕ್ಕೆ ಹತ್ತಾರು ಸಾವಿರ ಡಾಲರ್ ಖರ್ಚು. ಪಡೆಯುವವರು ಅಲ್ಲಿಯೇ ವಾರಗಟ್ಟಲೆ ಉಳಿದು ಅದರೊಂದಿಗೆ ಕಲಿಯಬೇಕು. ಸಾಮಾನ್ಯವಾಗಿ ಹದಿನಾರು ವರ್ಷ ತುಂಬಿರಬೇಕು. ನಮ್ಮ ಪೇಟೆಬೀದಿಯ ನಾಯಿಗಳ ಹಿಂಡು ಎದುರಾದರೆ, ಜಗಳವಾಡದಂತೆ ತರಬೇತಾದ ಆ ಬಡಪಾಯಿಯ ಗತಿಯೇನು? ನಡೆಯಲು ಪಾದಚಾರಿ ಮಾರ್ಗವಾದರೂ ಎಲ್ಲಿದೆ?

ಅವನು ಹೇಳಿದ ಇನ್ನೆರಡು ಮಾತು ನನ್ನ ಮನಸ್ಸಿನಲ್ಲಿ ಉಳಿದವು. ಮೊದಲನೆಯದು: “ನಾಯಿಗೆ ದಾರಿ ಗೊತ್ತಿರುವುದಿಲ್ಲ ಸಾರ್. ದಾರಿ ಗೊತ್ತಿರಬೇಕಾದ್ದು ಮನುಷ್ಯನಿಗೇ. ಎಡಕ್ಕೋ ಬಲಕ್ಕೋ ಎಂದು ಅವನೇ ಹೇಳುತ್ತಾನೆ. ನಾಯಿ ಗುಂಡಿಗೆ ಬೀಳದಂತೆ ಕರೆದೊಯ್ಯುತ್ತದೆ, ಅಷ್ಟೆ.” ಎರಡನೆಯದು: “ಅದಕ್ಕೆ ಕಲಿಸುವ ಅತಿ ಕಷ್ಟದ ವಿದ್ಯೆ ಎಂದರೆ ಯಜಮಾನನ ಮಾತನ್ನು ಮೀರುವುದು. ‘ಮುಂದೆ ಹೋಗು’ ಎಂದು ಅವನು ಹೇಳಿದರೂ ಎದುರಿಗೆ ವಾಹನ ಬರುತ್ತಿದ್ದರೆ ಅದು ಹೆಜ್ಜೆ ಇಡಬಾರದು. ವಿಧೇಯತೆಯನ್ನು ಯಾವ ನಾಯಿಗಾದರೂ ಕಲಿಸಬಹುದು ಸಾರ್, ಯಾವಾಗ ಮೀರಬೇಕು ಎಂಬುದನ್ನು ಕಲಿಸುವುದೇ ಕಷ್ಟ.”

ಮರುದಿನ ಸಂಜೆ ಹುಡುಗನ ಮನೆಗೆ ಹೋದೆ. ಅವನ ತಾಯಿ ಜಗಲಿಯ ಮೇಲೆ ಚಾಪೆ ಹಾಸಿ ಕಾಫಿ ಕೊಟ್ಟರು. ನಾಯಿ ಸಿಗುವುದಿಲ್ಲ ಎಂಬುದನ್ನು ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೇಳಿ ಮುಗಿಸಿದಾಗ ಅವನು ದೀರ್ಘವಾಗಿ ಉಸಿರು ಬಿಟ್ಟ. ನಿರಾಶೆಯೆಂದು ಭಾವಿಸಿದೆ.

“ಸಾರ್, ಬೇಜಾರು ಮಾಡ್ಕೋಬೇಡಿ. ನಂಗೆ ನಾಯಿ ಅಂದ್ರೆ ಭಯ ಸಾರ್.”

ಚಿಕ್ಕಂದಿನಲ್ಲಿ ಬೀದಿನಾಯಿಯೊಂದು ಮೀನಖಂಡವನ್ನು ಕಚ್ಚಿತ್ತಂತೆ. ತಾಯಿ ಅವನ ಪ್ಯಾಂಟಿನ ಕಾಲು ಮಡಿಸಿ ಕಲೆ ತೋರಿಸಿದರು. ಯಾವ ದಿಕ್ಕಿನಿಂದ ಬರುತ್ತದೆಂದು ತಿಳಿಯದ ಬೊಗಳುವಿಕೆ ಕೇಳಿದರೆ ಇಂದಿಗೂ ಮೈ ನಡುಗುತ್ತದಂತೆ. “ಮೊದಲೇ ಯಾಕಪ್ಪಾ ಹೇಳಲಿಲ್ಲ?” ಎಂದೆ. “ಎಲ್ಲರೂ ಅಷ್ಟು ಖುಷಿಯಾಗಿದ್ರು ಸಾರ್. ನೀವೂ ಹೇಳಿಬಿಟ್ಟಿದ್ರಿ. ನಾನು ಹೆಂಗೆ ಬೇಡ ಅನ್ನಲಿ?”

ಮೂರು ದಶಕಗಳಿಗೂ ಮಿಕ್ಕಿ ಪಾಠ ಹೇಳಿದವನಿಗೆ ಆ ಜಗಲಿಯ ಮೇಲೆ ತಲೆ ಎತ್ತುವುದು ಕಷ್ಟವಾಯಿತು. ಗುರುವಿನ ಮಾತನ್ನು ಮೀರಬಾರದೆಂದು ನಾವು ಮಕ್ಕಳಿಗೆ ಚೆನ್ನಾಗಿಯೇ ಕಲಿಸಿದ್ದೆವು. ನಾಯಿಗೂ ಕಲಿಸುವ ಆ ಇನ್ನೊಂದು ವಿದ್ಯೆಯನ್ನು ಮಾತ್ರ ನಾನು ಆ ಹುಡುಗನಿಗೆ ಕಲಿಸಿರಲಿಲ್ಲ. ಮೂರು ತಾಲ್ಲೂಕು ಸುತ್ತಿ ನೂರಾರು ಜನರನ್ನು ಕೇಳಿದ್ದೆ. ಕೇಳಬೇಕಾಗಿದ್ದ ಒಬ್ಬನನ್ನು ಕೇಳಿರಲಿಲ್ಲ.

“ಹಾಗಾದರೆ ನಿನಗೆ ಏನು ಬೇಕು?” ಎಂದು ಆಗ ಕೇಳಿದೆ. ಅವನಲ್ಲಿ ಉತ್ತರ ಸಿದ್ಧವಾಗಿತ್ತು. ನೆಲದ ಮೇಲಿನ ಕಲ್ಲು, ಗುಂಡಿ ಕೋಲಿಗೆ ತಿಳಿಯುತ್ತವೆ. ಎದೆಯ ಮಟ್ಟ, ಹಣೆಯ ಮಟ್ಟದಲ್ಲಿರುವುದು ತಿಳಿಯುವುದಿಲ್ಲ. ನಿಂತ ಬಸ್ಸಿನ ಹಿಂದಿನ ಏಣಿ, ಎತ್ತಿನಗಾಡಿಯ ಮೂಕಿ, ಬಾಗಿದ ಕೊಂಬೆ, ಹಣೆಯ ಮೇಲಿನ ಗಾಯಗಳೆಲ್ಲ ಇವುಗಳದ್ದೇ. ದೆಹಲಿಯ ಐಐಟಿಯವರು ರೂಪಿಸಿದ ‘ಸ್ಮಾರ್ಟ್‌ಕೇನ್’ ಎಂಬ ಕೋಲು 2014ರಲ್ಲಿ ಬಂದಿದೆಯೆಂದು ಮೈಸೂರಿನ ಗೆಳೆಯನೊಬ್ಬ ಅವನಿಗೆ ಫೋನಿನಲ್ಲಿ ತಿಳಿಸಿದ್ದ. ಅದು ಬಾವಲಿಯ ಹಾಗೆ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಬಿಟ್ಟು, ಮೊಣಕಾಲಿಗಿಂತ ಮೇಲಿನ ಅಡ್ಡಿಗಳನ್ನು ಮೂರು ಮೀಟರ್ ದೂರದಿಂದಲೇ ಗುರುತಿಸಿ ಹಿಡಿಯಲ್ಲಿ ಕಂಪಿಸುತ್ತದೆ. ಆಗ ಬೆಲೆ ಮೂರು ಸಾವಿರ ರೂಪಾಯಿಯ ಆಸುಪಾಸು ಇತ್ತು. ಸಾಧ್ಯವಾದರೆ ಒಂದು ಲ್ಯಾಪ್‌ಟಾಪ್. ಆಸ್ಟ್ರೇಲಿಯಾದ ಅಂಧರೊಬ್ಬರೇ 2006ರಲ್ಲಿ ಆರಂಭಿಸಿದ ‘ಎನ್‌ವಿಡಿಎ’ ಎಂಬ ಉಚಿತ ತಂತ್ರಾಂಶ ಪರದೆಯ ಮೇಲಿನದನ್ನು ಓದಿ ಹೇಳುತ್ತದೆ, ಕನ್ನಡವನ್ನೂ ಓದುತ್ತದೆ.

“ಆದರೆ ಸಾರ್, ಅವರೆಲ್ಲ ಕೊಟ್ಟದ್ದು ನಾಯಿಗೆ. ಕೋಲಿಗೆ ಬಳಸಬಹುದಾ? ಅವರನ್ನ ಕೇಳಿ ಸಾರ್.”

ಹೀಗೆ ಎರಡನೆಯ ಸುತ್ತು ಆರಂಭವಾಯಿತು. ಕೇಳಿ ಪಡೆಯುವುದಕ್ಕಿಂತ, ಪಡೆದ ಮೇಲೆ ಹೋಗಿ “ನಾನು ತಪ್ಪಿದೆ” ಎನ್ನುವುದು ಕಷ್ಟ. ಅರಕಲಗೂಡಿನ ಬಸ್ ನಿಲ್ದಾಣದಲ್ಲಿ ಇಳಿಯದೆ ಹಾಗೆಯೇ ಮುಂದೆ ಹೋಗಿಬಿಡೋಣ ಎನಿಸಿದ್ದೂ ಉಂಟು. ಕುರುಕ್ಷೇತ್ರದ ದುರ್ಯೋಧನ ಪಾತ್ರಧಾರಿ ಮೀಸೆಯಡಿಯಲ್ಲಿ ನಕ್ಕು, “ಹದಿನೆಂಟು ಅಕ್ಷೋಹಿಣಿ ಸೇನೆ ಸೇರಿಸಿದ ಮೇಲೆ ಯುದ್ಧ ಬೇಡ ಅಂದಂಗಾಯ್ತಲ್ಲ ಮೇಷ್ಟ್ರೇ” ಎಂದವನು, “ಕೋಲೇ ಕೊಡಿಸಿ” ಎಂದ. ಸ್ತ್ರೀಶಕ್ತಿ ಸಂಘದ ಹಿರಿಯ ತಾಯಿ ನನ್ನ ವಿವರಣೆ ಪೂರ್ತಿ ಕೇಳಲೇ ಇಲ್ಲ. “ನಾಯಿಗೇಂತ ಯಾರು ಕೊಟ್ರು ಸ್ವಾಮಿ? ನಾವು ಕೊಟ್ಟಿದ್ದು ಹುಡುಗನಿಗೆ.”

ಎಲ್ಲರೂ ಹಾಗೆ ಹೇಳಲಿಲ್ಲ. ಒಬ್ಬ ವರ್ತಕರು ತಮ್ಮ 2,000ವನ್ನು ಹಿಂದಕ್ಕೆ ಕೇಳಿದರು. ಕೊಟ್ಟೆ. ಅದು ಅವರ ಹಕ್ಕು. ಆ ಸೇವಾ ಸಂಸ್ಥೆಯವರು ನಾಯಿಯನ್ನು ಹಸ್ತಾಂತರಿಸುವ ಸಮಾರಂಭಕ್ಕೆ ಬ್ಯಾನರ್ ಕೂಡ ಮಾಡಿಸಿಟ್ಟಿದ್ದರು. ಕೋಲಿನೊಡನೆ ಫೋಟೋ ಅಷ್ಟು ಚೆನ್ನಾಗಿ ಬರುವುದಿಲ್ಲವೆಂದು ಅವರಿಗೆ ಅನಿಸಿರಬೇಕು. 10,000 ಹಿಂದಿರುಗಿಸಿ ರಸೀದಿ ಪಡೆದೆ. ಉಳಿದದ್ದು 51,450.

ಈ ಲೆಕ್ಕ ಓದಿ ಹೇಳಿದಾಗ ಹುಡುಗ ಒಳಗೆ ಹೋಗಿ, ತನ್ನ ಮಾಸಾಶನದಲ್ಲಿ ಕೂಡಿಟ್ಟಿದ್ದ 300 ರೂಪಾಯಿ ತಂದು ನನ್ನ ಕೈಯಲ್ಲಿಟ್ಟು, “ನನ್ನ ಹೆಸರೂ ಬರೀರಿ ಸಾರ್” ಎಂದ. ಬೇಡವೆನ್ನಲು ಬಾಯಿ ತೆರೆದವನು ಸುಮ್ಮನಾದೆ. ಆ ಅಮೆರಿಕದ ಸಂಸ್ಥೆ ನಾಯಿಯನ್ನು ಪುಕ್ಕಟೆ ಕೊಡುವುದಿಲ್ಲವೆಂದು ಆ ದಿನಗಳಲ್ಲಿ ಓದಿದ್ದೆ. ಖರ್ಚು ಎಷ್ಟೇ ಆಗಲಿ, ಮೊದಲ ನಾಯಿಗೆ ಪಡೆಯುವವರು 150 ಡಾಲರ್ ತಾವೇ ತೆರಬೇಕು. 1930ರ ದಶಕದಲ್ಲಿ ನಿಗದಿಯಾದ ಆ ಮೊತ್ತವನ್ನು ಅವರು ಏರಿಸಿಲ್ಲ. ಅದು ಬೆಲೆಯಲ್ಲ. ಪಡೆಯುವವನು ಬೇಡಿ ಪಡೆದವನಾಗಬಾರದು ಎಂಬುದಕ್ಕಾಗಿ ಇಟ್ಟದ್ದು. ಹೊಳೆನರಸೀಪುರದ ಹುಡುಗನಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಪುಸ್ತಕದ ಕೊನೆಯ ಸಾಲಿನಲ್ಲಿ ಅವನ ಹೆಸರು ಬರೆದೆ.

ಒಟ್ಟು 51,750ರಲ್ಲಿ ಕೋಲು, ಅದನ್ನು ಬಳಸುವ ತರಬೇತಿಗಾಗಿ ತಾಯಿ ಮಗ ಬೆಂಗಳೂರಿನಲ್ಲಿ ಉಳಿದದ್ದು, ಪ್ರಯಾಣ, ಎಲ್ಲ ಸೇರಿ 12,600. ಲ್ಯಾಪ್‌ಟಾಪಿಗೆ 27,900. ಉಳಿದ 11,250 ಕೊಟ್ಟವರ ಒಪ್ಪಿಗೆಯಂತೆ ಪಿಯುಸಿಯ ಶುಲ್ಕ, ಪುಸ್ತಕಗಳಿಗೆ ಸಂದಿತು. ಇದು ಲೆಕ್ಕ. ತಪ್ಪಿದ್ದರೆ ದಯವಿಟ್ಟು ತಿಳಿಸಿ.

ಈಗ ಅವನು ಬ್ಯಾಂಕೊಂದರಲ್ಲಿ ನೌಕರ. ಹೋದ ತಿಂಗಳು ಹಾಸನದ ಬಸ್ ನಿಲ್ದಾಣದಿಂದ ಒಬ್ಬನೇ ಆಟೋ ಹಿಡಿದು, ನಮ್ಮ ರಸ್ತೆಯ ತಿರುವಿನಲ್ಲಿ ಇಳಿದು, ಗೇಟುಗಳನ್ನು ಎಣಿಸಿಕೊಂಡು ಬಂದ. ನೋಟ್‌ಬುಕ್ ಕೇಳಿದವನು ಅವನೇ. ನಾನು ಒಂದೊಂದೇ ಹೆಸರು ಓದಿದೆ. ಅವನು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡಿಕೊಂಡ. ಹೆಸರು, ಊರು, ಮೊತ್ತ. “ಯಾಕಪ್ಪಾ ಇದೆಲ್ಲ?” ಎಂದು ನನ್ನ ಶ್ರೀಮತಿ ಕೇಳಿದಾಗ ಅವನು ಹೇಳಿದ: “ಮುಯ್ಯಿ ಅಲ್ವಾ ಅಮ್ಮ. ಇವರ ಮನೆಗಳಲ್ಲಿ ಮದುವೆ ಆದಾಗ ನಾನು ಹೋಗಬೇಕು.” ಹಣ ಹಿಂದಿರುಗಿಸುವುದಾಗಿ ಅವನು ಹೇಳಲಿಲ್ಲ. ಸಾಲವಾಗಿದ್ದರೆ ಹಾಗೆ ಹೇಳುತ್ತಿದ್ದ. ಕೊಟ್ಟವರ ಮನೆಗೆ ಸಮಯ ಬಂದಾಗ ತಾನೂ ಹೋಗಿ ನಿಲ್ಲುವವನು ನೆಂಟ. ನಾನು ಅವನನ್ನು ಸಹಾಯ ಪಡೆಯುವ ಹುಡುಗನೆಂದು ವೇದಿಕೆಯ ಮೇಲೆ ನಿಲ್ಲಿಸಿದ್ದೆ. ಅವನು ತನ್ನನ್ನು ನಿಮ್ಮೆಲ್ಲರ ನೆಂಟನೆಂದು ಬರೆದುಕೊಂಡು ಹೋದ.

ಆದುದರಿಂದ ಆ ಪುಸ್ತಕದಲ್ಲಿ ಹೆಸರಿರುವವರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ಮದುವೆ, ಗೃಹಪ್ರವೇಶ ನಿಶ್ಚಯವಾದರೆ ನನಗೆ ತಿಳಿಸಿ, ಅವನಿಗೆ ಮುಟ್ಟಿಸುತ್ತೇನೆ. ಖಂಡಿತ ಬರುತ್ತಾನೆ. ಬರುವ ದಿನ ಬಾಗಿಲಲ್ಲಿರುವ ನಾಯಿಯನ್ನು ಮಾತ್ರ ಹಿತ್ತಲಿನಲ್ಲಿ ಕಟ್ಟಿಹಾಕಿ.