ಆರು ತಂತಿಯ ಏಕತಾರಿ

ನಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿ ಎರಡು ವಸ್ತುಗಳು ಒತ್ತಟ್ಟಿಗೆ ಕುಳಿತಿವೆ. ಒಂದು, ಮೈಸೂರಿನಲ್ಲಿ ಬೆಳೆದ ಗಾಯಕರಾದ ಶ್ರೀ ರಘು ದೀಕ್ಷಿತರ ಮೊದಲನೆಯ ಗೀತಸಂಪುಟದ ಸೀಡಿ. ಇನ್ನೊಂದು, ನಮ್ಮ ಕಾಕಾ ಅವರು ಹಾಡುತ್ತಿದ್ದ ಪದಗಳ ವಹಿ. ಸೀಡಿಯನ್ನು ನುಡಿಸುವ ಯಂತ್ರವು ಕೆಟ್ಟು ಎಷ್ಟೋ ವರ್ಷಗಳಾದುವು. ವಹಿಯನ್ನು ಓದಬಲ್ಲವರು ಮನೆಯಲ್ಲಿ ಯಾರೂ ಇಲ್ಲ. ಆದರೂ ಸೀಡಿಯ ಹಾಡುಗಳು ಇಂದು ಯಾರ ಕೈಯ ಮೊಬೈಲಿನಲ್ಲಿಯಾದರೂ ಕ್ಷಣಮಾತ್ರದಲ್ಲಿ ದೊರೆಯುತ್ತವೆ; ವಹಿಯ ಹಾಡುಗಳು ಎಲ್ಲಿಯೂ ದೊರೆಯವು. ಇದಕ್ಕೆ ಕಾರಣನು ನಾನೇ. ಅದನ್ನು ಹೇಳಬೇಕಾದರೆ ಮೊದಲು ಆ ಸೀಡಿಯ ವಿಚಾರವನ್ನು ಹೇಳಬೇಕು.

ಆ ಸಂಪುಟವು ೨೦೦೮ರಲ್ಲಿ ಹೊರಬಂದಿತು. ಗಾಯಕರ ಹೆಸರೇ ಅದರ ಹೆಸರು. ಒಟ್ಟು ಎಂಟು ಹಾಡುಗಳು. ಅವುಗಳಲ್ಲಿ ಎರಡು ಶಿಶುನಾಳದ ಶರೀಫ ಸಾಹೇಬರ ತತ್ತ್ವಪದಗಳು: 'ಗುಡುಗುಡಿಯ ಸೇದಿ ನೋಡೋ' ಎಂಬುದು ಮತ್ತು 'ಸೋರುತಿಹುದು ಮನೆಯ ಮಾಳಿಗಿ' ಎಂಬುದು. ಉಳಿದವು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಇರುವ ಹೊಸ ರಚನೆಗಳು. ದೀಕ್ಷಿತರು ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ ಚಿನ್ನದ ಪದಕವನ್ನು ಪಡೆದವರು, ಭರತನಾಟ್ಯವನ್ನು ಅಭ್ಯಾಸಮಾಡಿದವರು. ಗಿಟಾರನ್ನು ಮಾತ್ರ ಕಾಲೇಜಿನ ಗೆಳೆಯನೊಬ್ಬನ ಪಂಥಕ್ಕೆ ಬಿದ್ದು ಕಲಿತರಂತೆ. ಹಲವು ವರ್ಷ ಧ್ವನಿಮುದ್ರಣ ಸಂಸ್ಥೆಗಳ ಬಾಗಿಲನ್ನು ತಟ್ಟಿದರೂ ಯಾವುದೂ ತೆರೆಯಲಿಲ್ಲ. ಕಡೆಗೆ ಮುಂಬಯಿಯ ಚಿತ್ರಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್ ಎಂಬಿಬ್ಬರು ತಮ್ಮ ಸಂಸ್ಥೆಯಿಂದ ಅದನ್ನು ಹೊರತಂದರು. ಮುಂಬಯಿಯಲ್ಲಿ ಪವಾಡವೊಂದಕ್ಕಾಗಿ ಕಾದು ಕುಳಿತವನ ಮಾತಾಗಿ ಅದರಲ್ಲಿ ಒಂದು ಇಂಗ್ಲಿಷ್ ಹಾಡೇ ಇದೆ. ಈ ಚರಿತ್ರೆಯನ್ನು ಬಲ್ಲವನಿಗೆ ಅದನ್ನು ಕೇಳುವಾಗ ನಗು ಬರದಿರದು.

ಇಂಗ್ಲೆಂಡಿನ ಸಾಂಗ್‌ಲೈನ್ಸ್ ಎಂಬ ಸಂಗೀತ ಪತ್ರಿಕೆಯವರು ೨೦೧೧ರಲ್ಲಿ ಇವರಿಗೆ ಹೊಸ ಕಲಾವಿದರ ಪ್ರಶಸ್ತಿಯನ್ನು ಕೊಟ್ಟರು. ನಮ್ಮ ನಗರಗಳ ತರುಣರೂ ಇವರನ್ನು ಆದರಿಸಿದರು. ಆದರೆ ತತ್ತ್ವಪದವನ್ನು ಕುರಿತು ಗೋಷ್ಠಿಗಳನ್ನು ನಡೆಸುವ, ಲೇಖನಗಳನ್ನು ಬರೆಯುವ ನಮ್ಮಂಥವರಲ್ಲಿ ಆ ಸಂಪುಟವನ್ನು ತತ್ತ್ವಪದದ ಚರಿತ್ರೆಯಲ್ಲಿ ಸೇರಿಸಿ ಮಾತನಾಡಿದವರನ್ನು ನಾನು ಕಾಣಲಿಲ್ಲ. ಅದೇ ೨೦೦೮ರಲ್ಲಿ 'ಸೈಕೋ' ಎಂಬ ಚಲನಚಿತ್ರಕ್ಕೆ ದೀಕ್ಷಿತರು ಸಂಗೀತ ಕೊಟ್ಟರು. ಅದರ ಮಹದೇಶ್ವರನ ಹಾಡು ನಮ್ಮ ನಿರ್ಣಾದ ಮದುವೆಯ ಮೆರವಣಿಗೆಗಳವರೆಗೂ ಬಂದಿತು. ಸಂಪುಟವು ಬರಲಿಲ್ಲ. ಸಿನಿಮಾದ ನೆರಳು ದೊಡ್ಡದು. ಅದರ ಕೆಳಗೆ ಬೆಳೆದ ಗಿಡವನ್ನು ಯಾರು ನೋಡುತ್ತಾರೆ?

ನಮ್ಮ ಮನೆಗೆ ಅದನ್ನು ತಂದವನು ನನ್ನ ಮಗ. ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದನು. ೨೦೧೦ರ ಸುಮಾರಿಗೆ, ಎಳ್ಳಮವಾಸ್ಯೆಯ ರಜೆಗೆ ಬಂದವನ ಹೆಗಲಲ್ಲಿ ಒಂದು ಗಿಟಾರು, ಚೀಲದಲ್ಲಿ ಈ ಸೀಡಿ. ನಾನು ಕನ್ನಡ ಪಂಡಿತನಾಗಿ ಮೂವತ್ತು ವರ್ಷ ಪಾಠ ಹೇಳಿದವನು. ಮಗನು ಸೀಡಿಯನ್ನು ಹಾಕಿದನು. ಶರೀಫರ ಪದದ ಮೊದಲಲ್ಲಿ ಗಿಟಾರಿನ ಝಂಕಾರ ಕೇಳಿದೊಡನೆ, "ಇದು ಗುಡಿಯಲ್ಲಿ ಬೂಟು ಹಾಕಿಕೊಂಡು ನಡೆದಂತಿದೆ" ಎಂದೆನು. ಮಾತು ನನಗೆ ಬಹಳ ಚೆನ್ನಾಗಿ ಕಂಡಿತು. ಮರುದಿನ ಗೆಳೆಯರಿಬ್ಬರ ಮುಂದೆಯೂ ಆಡಿದೆನು.

ಇಂಥ ಮಾತು ನನ್ನೊಬ್ಬನದೇ ಅಲ್ಲವೆಂದು ಈಗ ಬಲ್ಲೆನು. ೧೯೬೫ರ ಜುಲೈ ತಿಂಗಳಲ್ಲಿ ಅಮೆರಿಕದ ನ್ಯೂಪೋರ್ಟಿನ ಜಾನಪದ ಸಂಗೀತೋತ್ಸವದಲ್ಲಿ ಬಾಬ್ ಡಿಲನ್ ವಿದ್ಯುತ್ತಿನ ಗಿಟಾರನ್ನು ಹಿಡಿದು ವೇದಿಕೆಗೆ ಬಂದಾಗ ಸಭಿಕರಲ್ಲಿ ಕೆಲವರು ಕೂಗಿ ಅಣಕಿಸಿದರು. ಜನಪದದ ಹಾಡಿಗೆ ರಾಕ್ ಸಂಗೀತದ ವಾದ್ಯಗಳನ್ನು ಕೂಡಿಸಿದ ಆ ಬಗೆಗೆ ಫೋಕ್ ರಾಕ್ ಎಂದು ಹೆಸರು ನಿಂತಿತು. ಕೂಗಿಸಿಕೊಂಡವರಿಗೆ ೨೦೧೬ರಲ್ಲಿ ಸಾಹಿತ್ಯದ ನೊಬೆಲ್ ಪಾರಿತೋಷಕವೂ ಬಂದಿತು. ಅದಂತಿರಲಿ. ನಮ್ಮ ಹೊಲಕ್ಕೆ ಬರೋಣ.

ಎಳ್ಳಮವಾಸ್ಯೆಯ ದಿವಸ ಬೀದರ ಸೀಮೆಯಲ್ಲಿ ಊರೊಳಗೆ ಮನುಷ್ಯರು ಸಿಕ್ಕುವುದು ಕಷ್ಟ. ಎಲ್ಲರೂ ಹೊಲದಲ್ಲಿ. ಜೋಳದ ದಂಟಿನ ಕೊಂಪೆಯಲ್ಲಿ ಪೂಜೆಯಾಗಿ, ಭಜ್ಜಿ, ಅಂಬಲಿ, ಸಜ್ಜೆಯ ರೊಟ್ಟಿಗಳ ಊಟವಾಗಿ, ನಾವು ತೊಗರಿಯ ಸಾಲಿನ ಬದಿಯಲ್ಲಿ ಅಡ್ಡಾದೆವು. ಮಗನು ಗಿಟಾರನ್ನು ತೆಗೆದು, ಮಾಳಿಗಿಯ ಪದವನ್ನು ಸೀಡಿಯಲ್ಲಿದ್ದ ಧಾಟಿಯಲ್ಲಿಯೇ ಮೆಲ್ಲಗೆ ಹಾಡತೊಡಗಿದನು. ನಾನು ಕಣ್ಣು ಮುಚ್ಚಿದೆನು, ಭಕ್ತಿಯಿಂದಲ್ಲ. ಅಷ್ಟರಲ್ಲಿ ಕೊಂಪೆಯ ಒಳಗಿನಿಂದ ಕಾಕಾ ಎದ್ದು ಬಂದರು.

"ಇದು ಎಲ್ಲಿಂದ ಬಂತೋ ತಮ್ಮಾ? ಏಕತಾರಿಗಿ ಇನ್ನೈದು ತಂತಿ ಯಾರು ಕಟ್ಟ್ಯಾರ?"

"ಇದು ಗಿಟಾರ್ ಅದ ಮುತ್ಯಾ."

"ಹೆಸರು ಏನರೆ ಇರ್ಲಿ. ಮಾಡ್ಲತ್ತಿದ್ದು ಅದೇ ಕೆಲಸ."

ಕಾಕಾ ನಮ್ಮ ತಂದೆಯ ತಮ್ಮಂದಿರು. ಆಗ ಅವರಿಗೆ ಎಂಬತ್ತು ಸಮೀಪಿಸಿತ್ತು. ಅಮವಾಸ್ಯೆಯ ರಾತ್ರಿಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಡನೆ ಪದ ಹಾಡುವ ಮೇಳಕ್ಕೆ ಅವರೇ ಮುಂದಾಳು. ದತ್ತ ಜಯಂತಿಗೆ ಹುಮನಾಬಾದದ ಬಳಿಯ ಮಾಣಿಕನಗರಕ್ಕೆ ತಪ್ಪದೆ ಹೋಗುತ್ತಿದ್ದರು. ಏಕತಾರಿಯನ್ನು ಕಾಣದ ಪೇಟೆಯ ಓದುಗರಿಗಾಗಿ ಹೇಳುತ್ತೇನೆ: ಒಂದು ಸೋರೆಯ ಬುರುಡೆ, ಒಂದು ಬಿದಿರಿನ ಕೋಲು, ಒಂದು ತಂತಿ. ಆ ತಂತಿಯಲ್ಲಿ ರಾಗವನ್ನು ನುಡಿಸುವುದಿಲ್ಲ. ರಾಗ ಕೊರಳಿನ ಕೆಲಸ. ತಂತಿಯು ಶ್ರುತಿಯನ್ನು ಹಿಡಿದಿರುತ್ತದೆ. ಬೆರಳು ಅದನ್ನು ಮೀಟುವ ರೀತಿಯಿಂದ ಲಯವೂ ನಡೆಯುತ್ತದೆ. ಒಂದೇ ಬೆರಳಿಗೆ ಎರಡು ಕೆಲಸ. ಹಾಡುವವನು ಒಬ್ಬನೇ ದಾರಿಯಲ್ಲಿ ನಡೆಯುತ್ತ ಹಾಡಲು ಇದಕ್ಕಿಂತ ಹೆಚ್ಚಿನದು ಬೇಕಾಗಿಲ್ಲ.

ಕಾಕಾ ಅವರ ಮಾತನ್ನು ಕಿವಿಯಲ್ಲಿಟ್ಟುಕೊಂಡು ಆ ಸಂಪುಟವನ್ನು ಕೇಳುವ ಬುದ್ಧಿ ನನಗೆ ಬಂದುದು ಬಹಳ ತಡವಾಗಿ. ಕೇಳಿದರೆ ಹಾಗೆಯೇ ಇದೆ! ದೀಕ್ಷಿತರು ತಮ್ಮ ಗಿಟಾರಿನ ತಂತಿಗಳನ್ನು ಒಟ್ಟಾಗಿ ಮೀಟಿ, ಹಾಡಿನ ಕೆಳಗೆ ನೆಲವನ್ನೂ ನಡಿಗೆಯನ್ನೂ ಒಮ್ಮೆಗೇ ಹಾಸುತ್ತಾರೆ. ಶ್ರುತಿಯೂ ಅದೇ, ತಾಳವೂ ಅದೇ. ನಾನು ವಿದೇಶದ ಪಾದರಕ್ಷೆಯೆಂದು ಹಳಿದುದು ನಮ್ಮ ಕಾಕಾ ಅವರ ಬುರುಡೆಯ ಕೆಲಸವನ್ನೇ ಮಾಡುತ್ತಿತ್ತು.

ಶರೀಫರ ಪದಗಳೆಂದರೆ ನಮ್ಮ ತಲೆಮಾರಿನವರಿಗೆ ದಿವಂಗತ ಸಿ. ಅಶ್ವತ್ಥರ ಕಂಠ. ೧೯೯೦ರ 'ಸಂತ ಶಿಶುನಾಳ ಶರೀಫ' ಚಿತ್ರದ ಮೂಲಕ ಅವು ಮನೆಮನೆಯನ್ನೂ ಸೇರಿದುವು. ಆ ಉಪಕಾರವನ್ನು ಮರೆಯಲಾಗದು. ಅಶ್ವತ್ಥರು ಹಾಡಿದರೆ ಮಾಳಿಗೆಯು ಒಮ್ಮೆಗೇ ಕುಸಿದುಬಿದ್ದಂತೆ ಎದೆ ಝಲ್ಲೆನ್ನುವುದು. ದೀಕ್ಷಿತರಲ್ಲಿ ಅದು ಸೋರುತ್ತದೆ, ಹನಿಹನಿಯಾಗಿ. ನಮ್ಮ ಊರಿನ ಹಳೆಯ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಬುಟ್ಟಿ ಬುಟ್ಟಿಯಾಗಿ ಮಣ್ಣನ್ನು ಹೊತ್ತು ಮೇಲೆ ಹರಡಿ ಧಮ್ಮಸ್ಸು ಹಾಕಬೇಕು. ಮೈಗಳ್ಳತನ ಮಾಡಿದ ವರ್ಷ ನಡುರಾತ್ರಿಯಲ್ಲಿ ಎದ್ದು ತಂಬಿಗೆ, ಪರಾತ, ಬೋಗುಣಿಗಳನ್ನು ನೀರಿನ ಕೆಳಗೆ ಇಡಬೇಕು. ಹಾಸಿಗೆಯನ್ನು ಎಲ್ಲಿಗೆ ಎಳೆದರೂ ಅಲ್ಲಿಯೇ ಒಂದು ಹನಿ. ಆ ರಾತ್ರಿಯ ನಿಧಾನವಾದ ಸಂಕಟವನ್ನು ಬಲ್ಲವನಿಗೆ ಈ ನಿಧಾನದ ಗತಿಯೇ ಹೆಚ್ಚು ದಿಟವೆನಿಸುತ್ತದೆ. ಅವರ 'ಗುಡುಗುಡಿ' ಮಾತ್ರ ನನಗೆ ತುಸು ಹೆಚ್ಚು ಉಲ್ಲಾಸದ್ದಾಗಿ ತೋರುತ್ತದೆ. ಹುಕ್ಕಾದ ನೆಪದಲ್ಲಿ ಮನಸ್ಸನ್ನು ತಿದ್ದಲು ಹೇಳಿದ ಪದದಲ್ಲಿ ಹೊಗೆಯ ಸುಖವೇ ಮುಂದಾಗಿದೆ. ಇಂಗ್ಲಿಷ್ ಹಾಡುಗಳ ವಿಷಯದಲ್ಲಿ ನನ್ನ ಅಭಿಪ್ರಾಯಕ್ಕೆ ಬೆಲೆಯಿಲ್ಲ.

ಒಂದೇ ಸಂಪುಟದಲ್ಲಿ ಮೂರು ಭಾಷೆಗಳು ಏಕೆಂದು ಆಗ ನಾನು ಆಕ್ಷೇಪಿಸಿದ್ದೆನು. ನಿರ್ಣಾದಲ್ಲಿ ಹುಟ್ಟಿದವನು ಆಡುವ ಮಾತೇ ಇದು? ನಮ್ಮ ಸಂತೆಯಲ್ಲಿ ಕನ್ನಡ, ಉರ್ದು, ತೆಲುಗು, ಮರಾಠಿಗಳು ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ಶರೀಫರು ೧೮೧೯ರಲ್ಲಿ ಹುಟ್ಟಿದರು. ಅವರಿಗಿಂತ ಎರಡು ವರ್ಷ ಮೊದಲು, ೧೮೧೭ರಲ್ಲಿ, ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಮರಾಠಿ, ಹಿಂದಿ, ಕನ್ನಡ ಮೊದಲಾದ ಹಲವು ಭಾಷೆಗಳಲ್ಲಿ ಪದಗಳನ್ನು ರಚಿಸಿದ್ದಾರೆ. ಒಂದೇ ಕೂಟದಲ್ಲಿ ಭಾಷೆಯಿಂದ ಭಾಷೆಗೆ ದಾಟುವುದನ್ನು ಕಾಕಾ ಮಾಣಿಕನಗರದಿಂದಲೇ ಕಲಿತು ಬಂದಿದ್ದರು. ಪಂಡಿತನಾದ ನನಗೆ ಅದು ದೋಷವಾಗಿ ಕಂಡಿತು.

ಇನ್ನು ನನ್ನ ತಪ್ಪಿನ ಕಥೆ. ಆ ಎಳ್ಳಮವಾಸ್ಯೆಯ ಸಂಜೆ ಮಗನು, "ಅಪ್ಪಾ, ಮುತ್ಯಾನ ಪದಾ ಎಲ್ಲಾ ರೆಕಾರ್ಡ್ ಮಾಡ್ತೀನ್ರಿ, ಅವರು ಹಾಡ್ಲಿ, ನಾ ಗಿಟಾರ್ ನುಡಿಸ್ತೀನಿ" ಎಂದನು. ಕಾಕಾ ಒಪ್ಪಿದರು, ಬಹಳ ಸಂತೋಷದಿಂದ ಒಪ್ಪಿದರು. ನಾನು ಬೇಡವೆಂದೆನು. ಪದವನ್ನು ಕೆಡಿಸಬೇಡ, ಮೊದಲು ಓದನ್ನು ಮುಗಿಸು, ಮುಂದೆ ನಾನೇ ಶಾಸ್ತ್ರೀಯವಾಗಿ ಸಂಗ್ರಹಿಸಿ ಪುಸ್ತಕ ಮಾಡುವೆನು ಎಂದೆನು. ಕಾಕಾ ನನ್ನ ಮುಖವನ್ನು ನೋಡಿ ಸುಮ್ಮನಾದರು. ಶಾಲೆಯ ಮಾಸ್ತರನಾದ ಮಗನೆಂದು ನನ್ನ ಮಾತಿಗೆ ಅವರು ಎಂದೂ ಎದುರಾಡಿದವರಲ್ಲ. ಮಗನು ಗಿಟಾರನ್ನು ಚೀಲಕ್ಕೆ ಸೇರಿಸಿ ಮರುದಿನದ ಬಸ್ಸು ಹಿಡಿದನು. ಸೀಡಿಯನ್ನು ಮಾತ್ರ ಮುತ್ಯಾನಿಗೆಂದು ಬಿಟ್ಟುಹೋದನು. ೨೦೧೪ರ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು. ನನ್ನ ಸಂಗ್ರಹದ ಮೊದಲ ಪುಟವೂ ಆಗಿರಲಿಲ್ಲ.

ಉಳಿದುದು ವಹಿ. ಅದನ್ನು ತೆರೆದಾಗ ನನಗೆ ನಿಂತಲ್ಲಿ ನೆಲ ಸರಿಯಿತು. ನಿಜಾಮರ ಕಾಲದಲ್ಲಿ ನಮ್ಮ ಕಡೆ ಶಾಲೆಯೆಂದರೆ ಉರ್ದು ಶಾಲೆ. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ಸೇರುವ ಹೊತ್ತಿಗೆ ಕಾಕಾ ನಾಲ್ಕು ಇಯತ್ತೆಗಳನ್ನು ಮುಗಿಸಿ ನೇಗಿಲು ಹಿಡಿದಿದ್ದರು. ಕನ್ನಡದ ಅಕ್ಷರ ಅವರಿಗೆ ಬಾರದು. ಅರುವತ್ತಕ್ಕೂ ಹೆಚ್ಚು ಕನ್ನಡ ಪದಗಳನ್ನು, ತಮ್ಮವೂ ತಮ್ಮ ಗುರುಗಳವೂ, ಉರ್ದು ಲಿಪಿಯಲ್ಲಿ ಬರೆದಿಟ್ಟಿದ್ದರು. ಆ ಲಿಪಿಯಲ್ಲಿ ಹ್ರಸ್ವಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಏಕಾರ ಎಕಾರಗಳ ಭೇದವಿಲ್ಲ. ನಮ್ಮ ಳಕಾರವೇ ಇಲ್ಲ. ಮಾಳಿಗಿಯು ಅಲ್ಲಿ ಮಾಲಗಿಯಾಗಬಹುದು. ಹಾಡಿದ ಕೊರಳಿಗೆ ಎಲ್ಲವೂ ಗೊತ್ತಿತ್ತು. ಕಾಗದಕ್ಕೆ ಅರ್ಧ ಮಾತ್ರ ಗೊತ್ತು.

ಈಗ ಚಿಟಗುಪ್ಪದಲ್ಲಿರುವ ನಿವೃತ್ತ ಉರ್ದು ಅಧ್ಯಾಪಕರೊಬ್ಬರು ವಾರಕ್ಕೊಂದು ಸಲ ಅಕ್ಷರಗಳನ್ನು ಓದಿ ಹೇಳುತ್ತಾರೆ. ನಾನು ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ರಾತ್ರಿ ಮಗನು ಪುಣೆಯಿಂದ ಫೋನು ಮಾಡುತ್ತಾನೆ. ನನಗೆ ನೆನಪಿರುವ ಧಾಟಿಯನ್ನು ಗುನುಗುತ್ತೇನೆ. ಅವನು ಅತ್ತ ಗಿಟಾರನ್ನು ಮೀಟುತ್ತಾನೆ. ನಡಿಗೆ ಸಿಕ್ಕಿದರೆ ಎಲ್ಲಿ ಸ್ವರ ದೀರ್ಘವಾಗಬೇಕು, ಎಲ್ಲಿ ಹ್ರಸ್ವವಾಗಬೇಕೆಂಬುದು ಹೊಳೆಯುತ್ತದೆ. ಹೀಗೆ ಹನ್ನೊಂದು ಪದಗಳು ಒಂದು ಮಟ್ಟಕ್ಕೆ ಬಂದಿವೆ. ಹನ್ನೆರಡನೆಯದರಲ್ಲಿ ಒಂದು ಮಾತು ನಿಂತುಬಿಟ್ಟಿದೆ: ಮಲೆಯೋ, ಮಳೆಯೋ? ಎರಡಕ್ಕೂ ಮಾತ್ರೆ ಒಂದೇ. ಗಿಟಾರು ಸಹಾಯಕ್ಕೆ ಬಾರದು. ನಮ್ಮ ಕಡೆ ಮಲೆ ಎಲ್ಲಿದೆ, ಮಳೆಯೇ ಇರಬೇಕೆಂದು ಮಗನೆನ್ನುತ್ತಾನೆ. ಗುರುಗಳ ಪದವಾಗಿದ್ದರೆ ಮಲೆಯೂ ಇರಬಹುದೆಂದು ನಾನು. ಬರುವ ಅಮವಾಸ್ಯೆಗೆ ಮೇಳದಲ್ಲಿ ಉಳಿದಿರುವ ಒಬ್ಬ ಹಿರಿಯರನ್ನು ಕೇಳಿ ನೋಡಬೇಕು. ಅವರಿಗೆ ಕಿವಿ ಮಂದವಾಗಿದೆ, ಆದರೆ ದಮ್ಮಡಿಯ ಪೆಟ್ಟು ಕೇಳಿದರೆ ಪದ ಬಾಯಿಗೆ ಬರುತ್ತದೆಂದು ಅವರ ಸೊಸೆ ಹೇಳಿದ್ದಾಳೆ.