ಕಪ್ಪು-ಬಸಿ

ನಮ್ಮ ಶಿರಾಲಿ ಪೇಟೆಯ ಹೊಟೇಲೊಂದರ ಅಟ್ಟದ ಮೇಲೆ ರಟ್ಟಿನ ಪೆಟ್ಟಿಗೆಯೊಂದಿದೆ. ಒಳಗೆ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಡಜನ್ ಪಿಂಗಾಣಿ ಕಪ್ಪು, ಒಂದು ಡಜನ್ ಬಸಿ. 2016ರ ಮೇ 29ರ ಭಾನುವಾರ ಹೊಟೇಲಿನಣ್ಣ ಬೆಳಗಿನ ಬನ್ಸು ಖಾಲಿಯಾದ ಮೇಲೆ ಭಟ್ಕಳಕ್ಕೆ ಹೋಗಿ ತಂದದ್ದು. ಆ ರಾತ್ರಿ ಚಿನ್ನಸ್ವಾಮಿ ಅಂಗಳದಲ್ಲಿ ಆರ್‌ಸಿಬಿಗೂ ಹೈದರಾಬಾದಿಗೂ ಫೈನಲ್ಲು. ಗೆದ್ದರೆ ಮಾರನೇ ದಿನ ಬೆಂಚಿನವರಿಗೆಲ್ಲ ಪುಕ್ಕಟೆ ಚಾ, ಅದೂ ಗ್ಲಾಸಿನಲ್ಲಲ್ಲ, ಕಪ್ಪಿನಲ್ಲಿ. "ಕಪ್ ನಮ್ದೇ ಅಂತ ಬರೇ ಬಾಯಲ್ಲಿ ಹೇಳಿದ್ರೆ ಆಯ್ತಾ?" ಎಂದು ಪೆಟ್ಟಿಗೆಯನ್ನು ಗಲ್ಲೆಯ ಮೇಲಿಟ್ಟು ಎಲ್ಲರಿಗೂ ತೋರಿಸಿದ್ದರು. ರಾತ್ರಿ ನಾವು 8 ರನ್ನಿಗೆ ಸೋತೆವು. ಪೆಟ್ಟಿಗೆ ಅಟ್ಟ ಸೇರಿತು.

ಬೆಂಚಿನವರು ಎಂದರೆ ಮುಖ್ಯವಾಗಿ ಮೂವರು. ನಾನೂ ಸೇರಿದಂತೆ ಉಳಿದವರೆಲ್ಲ ಹಿಮ್ಮೇಳ. ಮೊದಲನೆಯವರು ನಿವೃತ್ತ ಗಣಿತದ ಮಾಸ್ತರರು. ಬೌಲಿಂಗಿನ ಲೆಕ್ಕವನ್ನು ಚಾ ಬಿಲ್ಲಿನ ಹಿಂದೆ ಪೆನ್ಸಿಲಿನಲ್ಲಿ ಬರೆದು ಅಂಗಿಯ ಕಿಸೆಗೆ ಹಾಕಿಕೊಳ್ಳುವವರು. ಎರಡನೆಯವರು ಅಳ್ವೆಕೋಡಿ ಮಾವ. ಬೆಳಗಾತ ಬಂದರದಲ್ಲಿ ಮೀನಿನ ಬುಟ್ಟಿ ಹರಾಜಿಗೆ ನಿಂತು ವಯಸ್ಸು ಅರವತ್ತು ದಾಟಿಸಿದವರು. ಮೂರನೆಯವರು ಹೊಟೇಲಿನಣ್ಣ. ಟಿವಿ ಅವರದು, ಹಾಗಾಗಿ ಕೊನೆಯ ಮಾತೂ ಅವರದೇ.

ಐಪಿಎಲ್ಲಿನ ಮೊಟ್ಟಮೊದಲ ಪಂದ್ಯವನ್ನು ಆಡಿ ಸೋತ ತಂಡ ನಮ್ಮದು. 2008ರ ಏಪ್ರಿಲ್ 18ರಂದು ಕೋಲ್ಕತ್ತಾದ ಮೆಕಲಮ್ ಒಬ್ಬನೇ 158 ಹೊಡೆದ. ನಮ್ಮವರೆಲ್ಲ ಸೇರಿ ಹೊಡೆದದ್ದು 82. ಮುಂದಿನ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಫೈನಲ್ಲಿಗೇ ಹೋದೆವು. ಕುಂಬ್ಳೆ ಮೊದಲ ಓವರಿನಲ್ಲೇ ಗಿಲ್‌ಕ್ರಿಸ್ಟನನ್ನು ಸೊನ್ನೆಗೆ ಕಳಿಸಿದರು, 16 ರನ್ನಿಗೆ 4 ವಿಕೆಟ್ ಕಿತ್ತರು, ಪಂದ್ಯಪುರುಷರೂ ಆದರು. ತಂಡ 6 ರನ್ನಿಗೆ ಸೋತಿತು. "ಕುಂಬಳೆ ಸೀಮೆಯವರಿಗೆ ತಾಳಮದ್ದಳೆ ಹೇಳಿಕೊಡಬೇಕಾ? ಅರ್ಥ ಹೇಳಿದವರು ಒಬ್ಬರೇ, ಉಳಿದವರೆಲ್ಲ ಹೌದು ಹೌದು ಅಂದವರು" ಎಂದು ಆ ರಾತ್ರಿ ಮಾಸ್ತರರು ಎದ್ದು ಹೋದರು.

ಆಗಿನಿಂದ ನಮ್ಮ ಬೆಂಚೂ ತಾಳಮದ್ದಳೆಯೇ ಆಯಿತು. ಕೃಷ್ಣಸಂಧಾನದಲ್ಲಿ ಸಂಧಿ ಮುರಿಯುತ್ತದೆಂದು ಎಲ್ಲರಿಗೂ ಗೊತ್ತು. ಆದರೂ ಬೆಳಗಿನವರೆಗೆ ವಾದ ಮಾಡುವುದಿಲ್ಲವೇ? ಹಾಗೆ.

ಮ್ಯಾನೇಜ್‌ಮೆಂಟಿನ ವಿಷಯ ಬಂದರೆ ಮಾವನ ಎದುರು ಯಾರೂ ನಿಲ್ಲುತ್ತಿರಲಿಲ್ಲ. ಹರಾಜೆಂದರೆ ಅವರಿಗೆ ಎಂತ ಎಂದು ಗೊತ್ತು. "ಕೊಹ್ಲಿ, ಗೇಲು, ಡಿವಿಲಿಯರ್ಸು, ಮೂರೂ ಇಸ್ವಾಣವೇ. ನಾ ಅಲ್ಲ ಅನ್ನೂದಿಲ್ಲ. ಆದ್ರೆ ಇದ್ದ ದುಡ್ಡೆಲ್ಲ ಇಸ್ವಾಣಕ್ಕೇ ಹಾಕಿದ್ರೆ, ಗಿರಾಕಿ ಬಂದು ಬಂಗಡೆ ಕೇಳಿದಾಗ ಎಂತ ಕೊಡೂದು? ದಿನಾ ಸಾರಿಗೆ ಬೇಕಾದ್ದು ಬಂಗಡೆ ಅಲ್ದಾ?" ಬಂಗಡೆ ಎಂದರೆ ಬೌಲರು. ಇಷ್ಟು ಸರಳವಾಗಿ ಯಾವ ಕಾಮೆಂಟೇಟರನೂ ಹೇಳಿದ್ದು ನಾನು ಕೇಳಿಲ್ಲ. ಇದ್ದ ಬಂಗಡೆಯನ್ನೂ ಬಿಟ್ಟುಕೊಟ್ಟರು ಎಂಬುದು ಮಾವನ ಇನ್ನೊಂದು ಸಂಕಟ. 2022ರ ಹರಾಜಿನಲ್ಲಿ ಚಾಹಲ್ ರಾಜಸ್ಥಾನಕ್ಕೆ ಹೋದ, ಅದೇ ವರ್ಷ 27 ವಿಕೆಟ್ ಕಿತ್ತು ನೇರಳೆ ಟೊಪ್ಪಿ ಹಾಕಿಕೊಂಡ. ಅದಕ್ಕೂ ಮೊದಲು, 2018ರಲ್ಲಿ ನಮ್ಮ ಕರಾವಳಿಯ ರಾಹುಲನನ್ನು ಪಂಜಾಬಿನವರು 11 ಕೋಟಿಗೆ ಕೊಂಡುಹೋದಾಗ ಮಾವ ಎರಡು ದಿನ ಬೆಂಚಿಗೇ ಬರಲಿಲ್ಲ. ಬೋಟು ಇಲ್ಲದಿದ್ದರಿಂದ ಬರಲಿಲ್ಲ ಎಂದು ಆಮೇಲೆ ಹೇಳಿದರು. ನಾವು ನಂಬಲಿಲ್ಲ.

ಮಾಸ್ತರರದು ಬೇರೆ ವಾದ. ತಪ್ಪು ಬೌಲರನದಲ್ಲ, ಭೂಗೋಳದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ, ಗಾಳಿ ತೆಳು, ಬೌಂಡರಿ ಹತ್ತಿರ. ಅಲ್ಲಿ ಚೆಂಡು ಎಸೆಯುವುದು ಒಂದೇ, ಪೇಟೆಯಲ್ಲಿ ಕಾಸು ಎಸೆಯುವುದು ಒಂದೇ. "ಆ ಅಂಗಳ ನಮ್ಮ ಶಿರಾಲಿ ಗದ್ದೆಯಲ್ಲಿದ್ದಿದ್ರೆ ಸಿಕ್ಸು ಹೋದ ಅರ್ಧಕ್ಕರ್ಧ ಚೆಂಡು ಕ್ಯಾಚು." ಉಪ್ಪುಗಾಳಿಯ ತೂಕವನ್ನೂ ಅವರು ಪೆನ್ಸಿಲಿನಲ್ಲಿ ಬರೆದು ತೋರಿಸಿದ್ದರು. ನನಗೆ ತಿಳಿಯಲಿಲ್ಲ. ತಲೆ ಮಾತ್ರ ಆಡಿಸಿದೆ. ಶಾಲೆಯಲ್ಲೂ ಅದನ್ನೇ ಮಾಡುತ್ತಿದ್ದದ್ದು.

ಆದರೆ ಅವರನ್ನು ಕೊನೆಯವರೆಗೂ ಕಾಡಿದ್ದು 2016ರ ಆ ಇಪ್ಪತ್ತನೆಯ ಓವರು. ವಾಟ್ಸನ್ ಎಸೆದ, ಕಟಿಂಗ್ 24 ರನ್ ಎಳೆದ. ನಾಲ್ಕು ಓವರಿಗೆ ವಾಟ್ಸನ್ ಕೊಟ್ಟದ್ದು 61. ಆಮೇಲೆ 209 ಬೇಕಿದ್ದಲ್ಲಿ ಗೇಲ್ ಮತ್ತು ಕೊಹ್ಲಿ ಹತ್ತೂವರೆ ಓವರಿಗೆ 114 ಹೊಡೆದಿದ್ದರು. ಆ ಹೊತ್ತಿಗೆ ಹೊಟೇಲಿನಣ್ಣ ಪೆಟ್ಟಿಗೆಯ ದಾರ ಬಿಚ್ಚಿ ಒಂದು ಕಪ್ಪು ತೊಳೆದೂ ಆಗಿತ್ತು. ಕೊನೆಗೆ 200. ತೊಳೆದ ಕಪ್ಪನ್ನು ಪಂಚೆಯ ಅಂಚಿನಲ್ಲಿ ಒರೆಸಿ, ಮತ್ತೆ ಪೇಪರು ಸುತ್ತಿ, ಅವರು ಒಳಗಿಟ್ಟದ್ದನ್ನು ನಾನು ನೋಡಿದ್ದೇನೆ. ಬಾಣಂತಿಯ ಕೋಣೆಯಲ್ಲಿ ಕೂಸನ್ನು ಮಲಗಿಸುವ ಹಾಗೆ ಇಟ್ಟರು.

ಮಾಸ್ತರರಿಗೆ ಕಪ್ಪಿಗಿಂತ ಬಸಿಯ ಆಸೆ. ಬಿಸಿ ಚಾ ಅವರಿಗೆ ಆಗದು. ಮನೆಯಲ್ಲಿ ಬಸಿಗೆ ಬಗ್ಗಿಸಿ ಊದಿ ಕುಡಿದು ರೂಢಿ. ಹೊಟೇಲಿನ ಗ್ಲಾಸು ಹಿಡಿದು ಬಾಯಿ ಸುಟ್ಟುಕೊಂಡಾಗಲೆಲ್ಲ ಅಟ್ಟದ ಕಡೆ ನೋಡುವರು. "ಒಂದು ಬಸಿಯಾದ್ರೂ ಇಳಿಸು ಮಾರಾಯಾ." "ಗೆಲ್ಲಲಿ, ಮಾಸ್ತರೇ. ಗೆಲ್ಲಲಿ."

ಗೆಲ್ಲಲಿಲ್ಲ. ಗೆಲ್ಲದೇ ಇದ್ದುದರಲ್ಲೂ ನಮ್ಮವರಿಗೆ ಒಂದು ಕಲೆಗಾರಿಕೆ ಇತ್ತು. 2013ರ ಏಪ್ರಿಲ್ 23ಕ್ಕೆ 263 ರನ್, ಗೇಲ್ ಒಬ್ಬನದೇ 175. 2017ರ ಅದೇ ಏಪ್ರಿಲ್ 23ಕ್ಕೆ 49ಕ್ಕೆ ಆಲೌಟು. ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಮಾಸ್ತರರು ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದರು.

ಎಲ್ಲಕ್ಕಿಂತ ಕಷ್ಟ ತೇರಿನ ಸಮಯದ್ದು. ಚೈತ್ರ ಹುಣ್ಣಿಮೆಯ ಹೊತ್ತಿಗೆ ಚಿತ್ರಾಪುರ ಮಠದ ರಥೋತ್ಸವಕ್ಕೆಂದು ಮುಂಬೈಯಿಂದ ಭಾನಪರ ಕುಟುಂಬಗಳು ಬಂದಿಳಿಯುತ್ತವೆ. ಸರಿಯಾಗಿ ಐಪಿಎಲ್ ನಡುವೆ. ಅಜ್ಜನ ಊರಿಗೆ ಬಂದ ಮಕ್ಕಳ ಮೈಮೇಲೆ ಮುಂಬೈ ಇಂಡಿಯನ್ಸಿನ ನೀಲಿ ಅಂಗಿ, ಅವರ ಲೆಕ್ಕದಲ್ಲಿ ಐದು ಟ್ರೋಫಿ. ಅಂಥ ಒಬ್ಬ ಹುಡುಗ, ಒಂಬತ್ತೋ ಹತ್ತೋ ವರ್ಷದವನು, ಒಮ್ಮೆ ಸೋಡಾ ಕುಡಿಯುತ್ತ ಕೊಂಕಣಿಯಲ್ಲಿ ಕೇಳಿಯೇ ಬಿಟ್ಟ, ನಿಮ್ಮವರದು ಎಷ್ಟು ಕಪ್ಪು ಎಂದು. ಬೆಂಚು ಗಪ್‌ಚುಪ್. ಹೊಟೇಲಿನಣ್ಣ ಬಗ್ಗಿ ಅವನ ತಲೆ ಸವರಿದರು. "ನಾವು ಗ್ಲಾಸಿನಲ್ಲೇ ಕುಡಿಯೂದು ಮಗಾ."

2024ರ ಮಾರ್ಚಿನಲ್ಲಿ ಹೆಣ್ಣುಮಕ್ಕಳ ತಂಡ ಗೆದ್ದಿತು. ಫೈನಲ್ಲಿನಲ್ಲಿ ನಮ್ಮ ಕರ್ನಾಟಕದ ಶ್ರೇಯಾಂಕಾ ಪಾಟೀಲ್ 12 ರನ್ನಿಗೆ 4 ವಿಕೆಟ್ ತೆಗೆದಳು. ಬೆಂಚು ಹದಿನಾರು ವರ್ಷ ಬೇಡಿದ ಬೌಲಿಂಗ್ ಅದು. ಆಗಲೇ ಪೆಟ್ಟಿಗೆ ಇಳಿಸಬೇಕಿತ್ತು ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ. ಅವಳ ಮಾತಿಗೆ ನಮ್ಮ ಯಾರ ಬಳಿಯೂ ಉತ್ತರವಿಲ್ಲ. ಮಾಸ್ತರರು ಇದ್ದಿದ್ದರೆ ಅವಳ ಪರವೇ ವಾದಿಸುತ್ತಿದ್ದರೇನೋ. ಅವರು ಅದರ ಹಿಂದಿನ ಮಳೆಗಾಲದಲ್ಲೇ ಹೋಗಿದ್ದರು.

ಮುಂದಿನ ಹರಾಜಿನಲ್ಲಿ ಮ್ಯಾನೇಜ್‌ಮೆಂಟಿಗೆ ಬುದ್ಧಿ ಬಂತು. ಹೇಜಲ್‌ವುಡ್‌ಗೆ ಹನ್ನೆರಡೂವರೆ ಕೋಟಿ, ಭುವನೇಶ್ವರನಿಗೆ 10.75 ಕೋಟಿ. "ಅಂತೂ ಬಂಗಡೆ ತಂದ್ರು" ಎಂದರು ಮಾವ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಪಂಜಾಬಿನ ಎದುರು 190 ಹೊಡೆದದ್ದು ಏನೂ ಸಾಲದು ಎನಿಸಿತ್ತು. ಕೃಣಾಲ್ ಪಾಂಡ್ಯ ನಾಲ್ಕು ಓವರಿಗೆ ಬರೀ 17 ಕೊಟ್ಟು ಕಟ್ಟಿಹಾಕಿದ. ಗೆದ್ದದ್ದು 6 ರನ್ನಿಗೆ. 2009ರಲ್ಲಿ ಸೋತ ಅದೇ ಆರು. ಹೊರಗೆ ಮಳೆ ಹೊಯ್ಯುತ್ತಿತ್ತು, ಮಾವ ಕೊಡೆ ಬಿಚ್ಚದೆ ಹೆದ್ದಾರಿಯ ಬದಿಗೆ ಹೋಗಿ ನಿಂತು ಬಂದರು. ನಾಳೆ ಸಂಜೆ ನಾಲ್ಕಕ್ಕೆ ಕಪ್ಪು-ಬಸಿ ಎಂದು ತೀರ್ಮಾನವಾಯಿತು.

ಜೂನ್ 4ರ ಸಂಜೆ ಪೆಟ್ಟಿಗೆ ಇಳಿದಿತ್ತು. ಹನ್ನೆರಡು ಕಪ್ಪನ್ನೂ ತೊಳೆದು ಬೋರಲು ಹಾಕಿತ್ತು. ಟಿವಿಯಲ್ಲಿ ಚಿನ್ನಸ್ವಾಮಿಯ ಗೇಟಿನ ಕಾಲ್ತುಳಿತ ತೋರಿಸತೊಡಗಿದರು. ಸತ್ತವರು ಮೊದಲು ಒಬ್ಬರು ಎಂದರು, ಆಮೇಲೆ ಮೂವರು, ಕತ್ತಲಾಗುವಷ್ಟರಲ್ಲಿ ಹನ್ನೊಂದು. ರಸ್ತೆಯ ಮೇಲೆ ಜೋಡಿ ತಪ್ಪಿದ ಚಪ್ಪಲಿಗಳು. ಹೊಟೇಲಿನಣ್ಣ ಟಿವಿ ಆರಿಸಿದರು, ಗ್ಲಾಸಿನಲ್ಲಿ ಚಾ ತಂದಿಟ್ಟರು, ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳಲಿಲ್ಲ. ಕಪ್ಪುಗಳು ಒಣಗಿದ ಮೇಲೆ ತಾವೇ ಸುತ್ತಿಟ್ಟರು.

ಆ ಮೇಲೆ ಬಹಳ ದಿನ ಬೆಂಚಿನಲ್ಲಿ ಕ್ರಿಕೆಟ್ಟಿನ ಮಾತೇ ಇಲ್ಲ. ಟ್ರಾಲಿಂಗ್ ಬಂದಾಗಿತ್ತು, ಮಾವನಿಗೂ ಬಂದರದ ಕೆಲಸವಿಲ್ಲ. ಒಂದು ದಿನ ಜಡಿಮಳೆ. ಬೆಂಚನ್ನು ಒಳಗೆ ಎಳೆದು ಕೂತಿದ್ದೆವು. ಹೊಟೇಲಿನಣ್ಣ ಸದ್ದಿಲ್ಲದೆ ಒಂದು ಬಸಿ ತಂದು ಮಾವನ ಗ್ಲಾಸಿನ ಪಕ್ಕ ಇಟ್ಟರು. ಬರೇ ಬಸಿ. ಮಾವ ಒಂದು ಕ್ಷಣ ನೋಡಿ, ಚಾ ಬಗ್ಗಿಸಿ, ಊದಿ, ಸೊರ್ರನೆ ಎಳೆದರು.

"ಅಲ್ಲ, ಆ ಇಪ್ಪತ್ತನೇ ಓವರನ್ನ ವಾಟ್ಸನ್‌ಗೆ ಎಂತಕ್ಕೆ ಕೊಟ್ಟದ್ದು?"

"ಮತ್ಯಾರಿಗೆ ಕೊಡೂದಿತ್ತು?" ಎಂದರು ಹೊಟೇಲಿನಣ್ಣ.

ಯಾರಿಗೆ ಎಂಬುದು ಬಿಲ್ಲಿನ ಹಿಂದೆ ಬರೆದಿತ್ತು. ಬಿಲ್ಲು ಮಾಸ್ತರರ ಕಿಸೆಯಲ್ಲಿತ್ತು.