ಕುರಿ ತರುಬಿದ ಹೊಲ

ಗಜೇಂದ್ರಗಡದ ಗುಡ್ಡದ ಮೇಲೆ ಟೆಂಟ್ ಹಾಕಿ ಒಂದು ರಾತ್ರಿ ಕಳೆಯಬೇಕೆಂಬ ಹುರುಪು ಈಗಿನ ಹುಡುಗರಿಗೆ ಬಂದಿದೆ. ಬರಲಿ, ನನಗದು ಖುಷಿಯ ಸಂಗತಿಯೇ. ಅಲ್ಲಿಯ ಗಾಳಿಗೆ ಮೈಯೊಡ್ಡಿ ಮಲಗುವ ಸುಖ ಫ್ಯಾನಿನ ಕೆಳಗೆಲ್ಲಿದೆ? ಹೊರಡುವ ಮುನ್ನ ಅವರು ನಮ್ಮ ಕುರಿಗಾಹಿಗಳ ಜೊತೆ ನಾಲ್ಕು ಮಾತಾಡಿದ್ದರೆ ಚೆನ್ನಾಗಿತ್ತು.

ಸುಗ್ಗಿ ಮುಗಿದ ಮೇಲೆ ರೋಣ, ನರಗುಂದದ ಎರೆ ಹೊಲಗಳಲ್ಲಿ ಕುರಿ ತರುಬುತ್ತಾರೆ. ಸುತ್ತ ಬಲೆ ಕಟ್ಟಿ, ಹಿಂಡನ್ನು ಒಳಗೆ ಕೂಡಿ, ಕಂಬಳಿ ಹೊದ್ದು ಅಲ್ಲೇ ಮಲಗುತ್ತಾರೆ. ಬೆಳಗಾದರೆ ಹೊಲದಲ್ಲಿ ಉಳಿಯುವುದು ಹಿಕ್ಕೆ, ಗಂಜಳ, ಒಂದು ಹಿಡಿ ಬೂದಿ. ಹೊಲದ ಯಜಮಾನನೇ ಕರೆದು, ಕಾಳನ್ನೋ ರೊಕ್ಕವನ್ನೋ ಕೊಟ್ಟು, "ಇನ್ನೆರಡು ದಿನ ಇರ್ರಿ" ಅನ್ನುತ್ತಾನೆ. ರಾತ್ರಿ ತಂಗಿದವನನ್ನು ನೆಲದ ಒಡೆಯ ಹೀಗೆ ಉಪಚರಿಸುವುದು ಲೋಕದಲ್ಲಿ ಬೇರೆಲ್ಲಾದರೂ ಇದ್ದೀತೇ! ಭಾರತ ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನಿಗೆ ಚಕ್ಕಡಿ ಹೂಡಿಕೊಂಡು ಹೋಗುತ್ತಿದ್ದವರೂ ದಾರಿಯಲ್ಲೇ ತಂಗುತ್ತಿದ್ದರು. ಬುತ್ತಿ ಅರಿವೆಯಲ್ಲಿರುತ್ತಿತ್ತು; ಉಂಡ ಮೇಲೆ ಕೊಡವಿ ಮಡಚಿದರೆ ಮುಗಿಯಿತು. ಈಗ ಜಾತ್ರೆಯ ದಾರಿಯುದ್ದಕ್ಕೂ ನೀರಿನ ಪಾಕೀಟು, ಹಾಳೆ ತಟ್ಟೆ. ಗಾಳಿಗೆ ಹಾರಿ ಹೊಲ ಸೇರಿದ್ದನ್ನು ದನ ತಿನ್ನುತ್ತದೆ, ಹೊಟ್ಟೆ ಉಬ್ಬಿ ಸಾಯುತ್ತದೆ.

ಎರೆ ಮಣ್ಣಿನ ಗುಣ ಬೇರೆಯೇ. ಹಸಿ ಇದ್ದಾಗ ಜೀಪು ಹೊಗಿಸಿದರೆ ಗಾಲಿಯ ಗುರುತು ಒಣಗಿ ಕಲ್ಲಾಗುತ್ತದೆ. ರೈತ ಅದನ್ನು ಒಡೆಯಲು ಎತ್ತುಗಳ ಹೆಗಲು ಸವೆಸಬೇಕು. ಗುಡ್ಡದ ಕಥೆಯೂ ಸೂಕ್ಷ್ಮವೇ. ಬೇಸಿಗೆಯಲ್ಲಿ ಒಣಹುಲ್ಲಿಗೆ ಒಂದು ಕಿಡಿ ಸಾಕು. ಕೌಜುಗ, ಟಿಟ್ಟಿಭಗಳು ಮೊಟ್ಟೆಯಿಡುವುದು ನೆಲದ ಮೇಲೇ. ತೋಳಗಳು ಇನ್ನೂ ಓಡಾಡುವ ಸೀಮೆ ಇದು. ರಾತ್ರಿ ಅಲ್ಲಿ ಸ್ಪೀಕರ್ ಹಚ್ಚುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಅಲ್ಲೇ ಹತ್ತಿರದ ಕಾಲಕಾಲೇಶ್ವರ ಗುಡಿಯ ಒರತೆ ಅಂತರಗಂಗೆಯಲ್ಲಿ ಸೋಪು ಹಚ್ಚಿ ಪಾತ್ರೆ ತೊಳೆಯುವವರ ಮೇಲೂ ಅಷ್ಟೇ.

ಇನ್ನು ಕೋಟೆ. 1858ರಲ್ಲಿ ಅಲ್ಲಿನ ಅರಸ ಬಾಬಾಸಾಹೇಬರು ಬ್ರಿಟಿಷರ ವಿರುದ್ಧ ಬಂಡೆದ್ದ ನರಗುಂದದ ಗುಡ್ಡದಲ್ಲಿ ಉಳಿದಿರುವ ಗೋಡೆಯೇ ಸ್ವಲ್ಪ. ಅದರ ಕಲ್ಲು ಕಿತ್ತು ಒಲೆ ಹೂಡುವುದೆಂದರೆ ನನಗೆ ಸಂಕಟವಾಗುತ್ತದೆ. ಚಹಾ ಕಾಸಲೇಬೇಕಿದ್ದರೆ ಸಣ್ಣ ಸ್ಟೋವ್ ಒಯ್ಯಿರಿ.

ಆದ್ದರಿಂದ ಹೋಗುವ ಗೆಳೆಯರೇ, ಹೊಲದವರನ್ನು ಕೇಳಿಯೇ ತಂಗಿರಿ, ಗುಡ್ಡವಾದರೆ ಅರಣ್ಯ ಇಲಾಖೆಯವರನ್ನು ಕೇಳಿರಿ. ಬಹಿರ್ದೆಸೆಗೆ ಹಳ್ಳದಿಂದ ದೂರ ಹೋಗಿ, ಕುಣಿ ತೋಡಿ ಮುಚ್ಚಿರಿ. ಒಯ್ದ ಚೀಲದಲ್ಲೇ ಕಸ ತುಂಬಿಕೊಂಡು ಊರಿಗೆ ತನ್ನಿರಿ.